ಪಂಜರದ ಮೀನು, ಮೊದಲ ಮಳೆ ಮತ್ತು ನೀರು ಕಾಯುವ ಸೆನ್ಸರ್

ಪ್ರಶ್ನೆ: ನಾವು ಕುಮಟಾ ತಾಲ್ಲೂಕಿನವರು. ಅಘನಾಶಿನಿ ಅಳಿವೆಯಲ್ಲಿ 9 ಮನೆಯವರು ಸೇರಿ 12 ಪಂಜರಗಳಲ್ಲಿ ಸೀಬಾಸ್ ಮೀನು ಸಾಕಿದ್ದೇವೆ. ಜೂನ್ ಮತ್ತು ಜುಲೈನಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿಯದ ಕಾರಣ ಒಳ್ಳೆಯ ದರ ಸಿಗುತ್ತದೆಂದು, ದೊಡ್ಡ ಮೀನನ್ನು ಮೇ ತಿಂಗಳಲ್ಲಿ ಹಿಡಿಯದೆ ಬಿಟ್ಟಿದ್ದೆವು. ಕಳೆದ ವರ್ಷ ಮಳೆ ಹಿಡಿದ ನಾಲ್ಕನೆಯ ದಿನ ನಸುಕಿನಲ್ಲಿ ದೋಣಿ ತೆಗೆದುಕೊಂಡು ಹೋದರೆ ಅರ್ಧಕ್ಕರ್ಧ ಮೀನು ಬಾಯಿ ತೆರೆದು, ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸತ್ತದ್ದು ಹೆಚ್ಚಾಗಿ ದೊಡ್ಡ ಮೀನು. ಮರಿಗಳು ಉಳಿದವು, ಬಲೆಗೆ ಅಂಟಿಕೊಂಡಿದ್ದ ಏಡಿಗಳಿಗೂ ಏನೂ ಆಗಿರಲಿಲ್ಲ. ಮೇಲ್ಗಡೆ ಯಾರೋ ವಿಷ ಬಿಟ್ಟರು ಎಂದು ಕೆಲವರು, ಹಿಂದಿನ ರಾತ್ರಿಯ ಸಿಡಿಲು ಎಂದು ಕೆಲವರು, ಸಿಹಿನೀರು ನುಗ್ಗಿದ್ದೇ ಕಾರಣ ಎಂದು ಇನ್ನು ಕೆಲವರು ಹೇಳುತ್ತಾರೆ. ಈಗ ಒಂದು ಕಂಪನಿಯವರು ಬಂದು, ನಿಸ್ತಂತು ಸೆನ್ಸರ್ ಜಾಲ ಹಾಕಿದರೆ ಎಲ್ಲ ಬಗೆಯ ಮಾಲಿನ್ಯವೂ ಮೊಬೈಲಿನಲ್ಲಿ ಕಾಣುತ್ತದೆ, 8 ಕಡೆ ಹಾಕಬೇಕು, 9 ಲಕ್ಷ ರೂಪಾಯಿ ಆಗುತ್ತದೆ ಎನ್ನುತ್ತಿದ್ದಾರೆ. ಇಂಜಿನಿಯರಿಂಗ್ ಓದುವ ಅಣ್ಣನ ಮಗ 40 ಸಾವಿರದಲ್ಲಿ ತಾನೇ ಮಾಡಿಕೊಡುತ್ತೇನೆ ಎನ್ನುತ್ತಾನೆ. ಉಪ್ಪುನೀರಿನಲ್ಲಿ ಇವೆಲ್ಲ ಒಂದು ತಿಂಗಳೂ ಬಾಳುವುದಿಲ್ಲ ಎನ್ನುವವರೂ ಇದ್ದಾರೆ. ಸಾಲ ಮಾಡಿ ಹಾಕಬಹುದೇ? ಹಾಕಿದರೆ ಮತ್ತೆ ಹೀಗಾಗುವುದು ತಪ್ಪೀತೇ? ನಮ್ಮಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಹೆಂಗಸರೂ ಇದ್ದಾರೆ. ಬಳಚು ತಿನ್ನಲು ಯೋಗ್ಯವೇ ಎಂಬುದೂ ಇದರಿಂದ ತಿಳಿಯುತ್ತದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನೀವು ಕೇಳಿರುವುದು ಸೆನ್ಸರ್ ಕೊಳ್ಳಬೇಕೋ ಬೇಡವೋ ಎಂದು. ಆದರೆ ಆ ಬೆಳಿಗ್ಗೆ ಮೀನು ಸತ್ತದ್ದು ಏಕೆ ಎಂಬುದು ಇನ್ನೂ ಇತ್ಯರ್ಥವಾಗದೆ ನಿಮ್ಮ ಸಂಘವನ್ನು ಕಾಡುತ್ತಿದೆ ಎಂಬುದು ಸಾಲುಸಾಲಿನಲ್ಲೂ ಕಾಣುತ್ತದೆ. ಕಾರಣ ತಿಳಿಯದೆ ಉಪಕರಣ ಕೊಂಡರೆ, ಅಳೆಯಬೇಕಾದ ಒಂದನ್ನು ಬಿಟ್ಟು ಬೇರೆ ಹತ್ತನ್ನು ಅಳೆಯುವ ಯಂತ್ರ ಮನೆಗೆ ಬರುತ್ತದೆ. ಆದ್ದರಿಂದ ಮೊದಲು ಮೀನಿನ ವಿಷಯ, ಆಮೇಲೆ ಯಂತ್ರದ ವಿಷಯ.

ನೀವು ಗಮನಿಸಿ ಬರೆದ ನಾಲ್ಕು ಸಂಗತಿಗಳು ಬಹಳ ಬೆಲೆಯುಳ್ಳವು: ನಸುಕಿನ ಹೊತ್ತು, ತೆರೆದ ಬಾಯಿ, ದೊಡ್ಡ ಮೀನೇ ಹೆಚ್ಚು ಸತ್ತದ್ದು, ಏಡಿಗಳು ಬದುಕಿದ್ದದ್ದು. ಕೀಟನಾಶಕದಂಥ ವಿಷ ನೀರಿಗೆ ಬಿದ್ದಿದ್ದರೆ ಏಡಿ, ಸಿಗಡಿಗಳೇ ಮೊದಲು ಸಾಯುತ್ತಿದ್ದವು. ಏಕೆಂದರೆ ಅವು ಕೀಟಗಳ ಹತ್ತಿರದ ಬಂಧುಗಳು, ಕೀಟಕ್ಕೆ ತಟ್ಟಿದ್ದು ಅವಕ್ಕೂ ತಟ್ಟುತ್ತದೆ. ವಿಷಕ್ಕೆ ನಸುಕು, ಮಧ್ಯಾಹ್ನ ಎಂಬ ಭೇದವಿಲ್ಲ, ಅದು ಮರಿಗಳನ್ನು ಉಳಿಸಿ ದೊಡ್ಡದನ್ನೇ ಆರಿಸಿ ಕೊಲ್ಲುವುದೂ ಇಲ್ಲ. ಸಿಡಿಲು ಉಪ್ಪುನೀರಿಗೆ ಬಡಿದಾಗ ಬಹುಪಾಲು ಮೇಲ್ಮೈಯಲ್ಲೇ ಹರಡಿಹೋಗುತ್ತದೆ; ಬಡಿದ ಜಾಗದ ಸುತ್ತ ಕೆಲವು ಮೀನು ಸಾಯಬಹುದೇ ಹೊರತು 12 ಪಂಜರಗಳ ಸಾಲಿನುದ್ದಕ್ಕೂ ದೊಡ್ಡ ಮೀನಷ್ಟೇ ಸಾಯುವುದಿಲ್ಲ. ಇನ್ನು ಸಿಹಿನೀರಿನ ಮಾತು. ಸೀಬಾಸ್ ಹುಟ್ಟಿನಿಂದಲೇ ಹೊಳೆಗೂ ಕಡಲಿಗೂ ಓಡಾಡುವ ಮೀನು, ಬರೀ ಉಪ್ಪು ಇಳಿದದ್ದಕ್ಕೆ ಅದು ಒಂದೇ ರಾತ್ರಿಯಲ್ಲಿ ಹೀಗೆ ಸಾಯುವುದಿಲ್ಲ. ಆದರೆ ಸಿಹಿನೀರು ಬೇರೊಂದು ದಾರಿಯಿಂದ ಈ ಸಾವಿಗೆ ಕಾರಣವಾಗಿದ್ದಿರಬಹುದು. ನೀವು ಹೇಳಿದ ಲಕ್ಷಣಗಳೆಲ್ಲ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿದದ್ದನ್ನೇ ತೋರಿಸುತ್ತವೆ.

ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಬಹಳ ಸ್ವಲ್ಪ. 28 ಡಿಗ್ರಿ ಬಿಸಿಯ ಸಿಹಿನೀರು ಲೀಟರಿಗೆ ಸುಮಾರು 7.8 ಮಿಲಿಗ್ರಾಂ, ಅದೇ ಬಿಸಿಯ ಕಡಲ ನೀರು ಸುಮಾರು 6.4 ಮಿಲಿಗ್ರಾಂ ಹಿಡಿಯಬಲ್ಲದು. ಮೀನು ಮತ್ತು ಚಿಪ್ಪುಜೀವಿಗಳ ಸಾಕಣೆಯ ಕರಾವಳಿ ನೀರಿನಲ್ಲಿ ಅದು 5 ಮಿಲಿಗ್ರಾಂಗಿಂತ ಕೆಳಗಿಳಿಯಬಾರದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. 4ಕ್ಕೆ ಇಳಿದರೆ ಮೀನು ಮೇವು ಬಿಡುತ್ತದೆ, 2ರ ಹತ್ತಿರ ಬಂದರೆ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತದೆ. ಹಗಲಿನಲ್ಲಿ ನೀರಿನ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಮ್ಲಜನಕ ಮಾಡಿಕೊಡುತ್ತದೆ. ರಾತ್ರಿ ಅದೇ ಪಾಚಿಯೂ ಮೀನಿನಂತೆ ಉಸಿರಾಡುತ್ತದೆ. ಆದ್ದರಿಂದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಾಗುವುದು ಸೂರ್ಯ ಹುಟ್ಟುವ ಮುನ್ನ. ದೊಡ್ಡ ಮೀನಿಗೆ ಒಟ್ಟು ಬೇಕಾಗುವ ಆಮ್ಲಜನಕವೂ ಹೆಚ್ಚು, ಕೊರತೆಯಲ್ಲಿ ಮೊದಲು ಸೋಲುವುದೂ ಅದೇ.

ಮಳೆ ಹಿಡಿದ ನಾಲ್ಕನೆಯ ದಿನಕ್ಕೆ ಏನೇನು ಕೂಡಿಬಂದಿರುತ್ತದೆ ನೋಡಿ. ಮೂರು ದಿನ ಮೋಡ ಮುಸುಕಿದ್ದರಿಂದ ಪಾಚಿಯ ಹಗಲಿನ ದುಡಿಮೆ ನಿಂತಿರುತ್ತದೆ. ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಬೇಸಗೆಯುದ್ದಕ್ಕೂ ಕೊಳೆತು ನಿಂತದ್ದು, ಸಿಗಡಿ ಹೊಂಡಗಳ ಕೆಸರು, ಪೇಟೆಯ ಗಟಾರದಲ್ಲಿ ಎಂಟು ತಿಂಗಳು ಕೂತದ್ದು ಎಲ್ಲವೂ ಮೊದಲ ಹೊಡೆತಕ್ಕೇ ಅಳಿವೆಗೆ ಬರುತ್ತವೆ, ಅವು ಕೊಳೆಯಲು ಆಮ್ಲಜನಕ ತಿನ್ನುತ್ತವೆ. ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ಮುಚ್ಚಳದಂತೆ ಹಾಸಿಕೊಳ್ಳುವುದರಿಂದ ಗಾಳಿಯ ಆಮ್ಲಜನಕ ಕೆಳಗಿನ ಪದರಕ್ಕೆ ಇಳಿಯುವುದಿಲ್ಲ. ಅದು ಅಷ್ಟಮಿಯ ಸುಮಾರಾಗಿದ್ದರೆ ಉಬ್ಬರ ಇಳಿತದ ಸೆಳೆತವೂ ಕುಗ್ಗಿ, ಪದರಗಳನ್ನು ಕಲಸುವ ಬಲ ನೀರಿಗೆ ಇರುವುದಿಲ್ಲ. ಕಾಳಿ ನದಿಯಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ನೀರನ್ನು ತಡೆದು ಬಿಡುತ್ತವೆ. ಶಿರಸಿಯ ಕಡೆ ಹುಟ್ಟಿ ತದಡಿಯಲ್ಲಿ ಕಡಲು ಸೇರುವ ಅಘನಾಶಿನಿಗೆ ಅಂಥ ತಡೆ ಇಲ್ಲ. ಆ ನದಿಯ ಭಾಗ್ಯವೇ ಅದು. ಆದರೆ ಘಟ್ಟದ ಮಳೆ ನಿಮ್ಮ ಪಂಜರಕ್ಕೆ ನೇರವಾಗಿ ಬರುತ್ತದೆ ಎಂಬುದನ್ನೂ, ಕಾರವಾರದ ಪಂಜರಗಳ ಅನುಭವವನ್ನು ಹಾಗೆಯೇ ಕುಮಟಾಕ್ಕೆ ತಂದು ಹಾಕಲಾಗದು ಎಂಬುದನ್ನೂ ಮರೆಯಬಾರದು.

ಇನ್ನೊಂದು ಕಾರಣ ನಿಮ್ಮ ಕೈಯಲ್ಲೇ ಇತ್ತು, ಇದನ್ನು ದೂರಲು ಹೇಳುತ್ತಿಲ್ಲ. ಮಳೆಯ ಮುಂಚೆ ಪಂಜರದ ಬಲೆಯನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ಪಾಚಿ, ಚಿಪ್ಪು ಕಟ್ಟಿದ ಬಲೆಯ ಕಣ್ಣುಗಳಲ್ಲಿ ನೀರು ಆಡುವುದಿಲ್ಲ. ಹೊರಗಿನ ನೀರಿನಲ್ಲಿ ಆಮ್ಲಜನಕ 5 ಇದ್ದರೂ ಒಳಗೆ 3 ಇರಬಹುದು.

ಮೊದಲ ಮಳೆಯ ಅಪಾಯ ಹೊಳೆಯ ಕಡೆಯಿಂದ ಬರುತ್ತದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಇನ್ನೊಂದು ಅಪಾಯ ಕಡಲ ಕಡೆಯಿಂದ ಬರುತ್ತದೆ, ಅದರ ಬಗ್ಗೆ ನಮ್ಮ ಕರಾವಳಿಯಲ್ಲಿ ಸಾಕಷ್ಟು ಮಾತಾಗಿಲ್ಲ. ಮುಂಗಾರಿನ ಗಾಳಿಯ ಕಾಲದಲ್ಲಿ ಅರಬ್ಬಿ ಸಮುದ್ರದ ಆಳದ ತಣ್ಣನೆಯ, ಆಮ್ಲಜನಕ ತೀರ ಕಡಿಮೆಯಿರುವ ನೀರು ಮೇಲೆದ್ದು ತೀರದ ಆಳವಿಲ್ಲದ ಪಟ್ಟಿಗೆ ಹರಡುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕ್ಯಾಂಡೋಲಿಮ್ ಎದುರಿನ ಕಡಲಿನಲ್ಲಿ 1997ರಿಂದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಅಳೆದು, ಮಳೆಗಾಲದ ಕೊನೆಗೆ ತಳದ ನೀರಿನಲ್ಲಿ ಆಮ್ಲಜನಕ ಬಹುತೇಕ ಬರಿದಾಗುವುದನ್ನು ದಾಖಲಿಸಿದ್ದಾರೆ. ಅಂಥ ನೀರು ಉಬ್ಬರದೊಂದಿಗೆ ಅಳಿವೆಯ ತಳದಲ್ಲಿ ಒಳಗೆ ನುಸುಳಬಹುದು. ಮಳೆಗಾಲದ ನಂತರ ಕೆಲವು ರಾತ್ರಿ ಅಲೆ ಒಡೆಯುವಲ್ಲಿ ನೀಲಿ ಬೆಳಕು ಹೊಳೆಯುತ್ತದಲ್ಲ, ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿಯದು, ಅದು ದಟ್ಟವಾಗಿ ಬೆಳೆದು ಸತ್ತು ಕೊಳೆಯುವಾಗಲೂ ಆಮ್ಲಜನಕ ಕುಸಿಯುತ್ತದೆ. ಹೀಗೆ ಎರಡು ಬಾಗಿಲುಗಳಿರುವ ಮನೆಗೆ ಒಂದೇ ಬಾಗಿಲಲ್ಲಿ ಕಾವಲು ಇಟ್ಟರೆ ಸಾಲದು ಎಂಬುದು ಸೆನ್ಸರ್ ಎಲ್ಲಿಡಬೇಕೆಂಬ ಲೆಕ್ಕಕ್ಕೆ ಮುಂದೆ ಬೇಕಾಗುತ್ತದೆ.

ಈಗ ಯಂತ್ರದ ವಿಷಯ. ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟು ನಂಬಬಹುದಾದ ಸೆನ್ಸರುಗಳು ಅಳೆಯುವುದು ಇಷ್ಟನ್ನು: ಬಿಸಿ, ಉಪ್ಪಿನಂಶ, ಕರಗಿದ ಆಮ್ಲಜನಕ, ಪಿಎಚ್ (ನೀರಿನ ಆಮ್ಲ, ಕ್ಷಾರದ ಅಳತೆ), ನೀರಿನ ಕದಡು, ಮತ್ತು ಪಾಚಿಯ ಹಸಿರಿನ ಅಂದಾಜು. ಇದರಲ್ಲಿ ವಿಷವಿಲ್ಲ, ಸೀಸ, ಪಾದರಸವಿಲ್ಲ, ಮಲದ ಬ್ಯಾಕ್ಟೀರಿಯಾ ಇಲ್ಲ. ಮಲದ ಬ್ಯಾಕ್ಟೀರಿಯಾ ಪತ್ತೆ ಮಾಡಲು ಈಗಲೂ ನೀರನ್ನು ಪ್ರಯೋಗಾಲಯಕ್ಕೆ ಒಯ್ದು, ಹದವಾದ ಬಿಸಿಯಲ್ಲಿ ಒಂದೆರಡು ದಿನ ಬೆಳೆಸಿ ಎಣಿಸಬೇಕು. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ನೀಲಿ ಧ್ವಜದ ಮಾನ್ಯತೆ, ಅಂದರೆ ಶುಚಿಯಾದ ಕಡಲತೀರಕ್ಕೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆ, ಬಂದಾಗ ನೀರಿನ ಶುದ್ಧಿಗೆ ಆಧಾರವಾದದ್ದೂ ಅಂಥ ಪ್ರಯೋಗಾಲಯದ ಪರೀಕ್ಷೆಗಳೇ. ಆದ್ದರಿಂದ ಎಲ್ಲ ಬಗೆಯ ಮಾಲಿನ್ಯವೂ ಮೊಬೈಲಿನಲ್ಲಿ ಕಾಣುತ್ತದೆ ಎಂಬ ಮಾತನ್ನು ಒಪ್ಪಬೇಡಿ. ಹಾಗೆ ಹೇಳಿದವರನ್ನು, ಯಾವ ಯಾವ ಸಂಗತಿಯನ್ನು ಯಾವ ಸೆನ್ಸರ್ ಅಳೆಯುತ್ತದೆ ಎಂದು ಬರೆದು ಕೊಡಲು ಕೇಳಿ.

ಬಳಚಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬಳಚು ದಿನವಿಡೀ ನೀರನ್ನು ಸೋಸಿ ತಿನ್ನುವ ಜೀವಿ, ನೀರಿನಲ್ಲಿ ಇದ್ದದ್ದೆಲ್ಲ ಅದರ ಮಾಂಸದಲ್ಲಿ ಕೂಡಿಕೊಳ್ಳುತ್ತದೆ. ಅದು ತಿನ್ನಲು ಯೋಗ್ಯವೇ ಎಂಬುದನ್ನು ಮಾಂಸವನ್ನೇ ಪರೀಕ್ಷಿಸಿ ತಿಳಿಯಬೇಕು, ನೀರಿನಲ್ಲಿ ತೇಲುವ ಯಾವ ಸೆನ್ಸರೂ ಅದನ್ನು ಹೇಳದು. ಆದರೆ ಉಪ್ಪಿನಂಶದ ದಾಖಲೆ ಬಳಚಿನವರಿಗೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಬಹುದಿನ ನಿಲ್ಲುವ ಸಿಹಿನೀರು ಬಳಚಿನ ರಾಶಿಯನ್ನೇ ಕೊಲ್ಲುತ್ತದೆ. 2024ರಲ್ಲಿ ಈ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಲ್ಲಿಯ ನೀರಿನ ಬಗ್ಗೆ ಊರಿನವರೇ ಇಟ್ಟ ಒಂದು ಪ್ರಾಮಾಣಿಕ ದಾಖಲೆ ಪಂಜರದ ಲಾಭನಷ್ಟವನ್ನು ಮೀರಿ ಉಪಯೋಗಕ್ಕೆ ಬಂದೀತು.

ನಿಸ್ತಂತು ಎಂಬ ಮಾತಿಗೆ ನೀವು ಹೆದರಬೇಕಾಗಿಲ್ಲ. ರೇಡಿಯೋ ಅಲೆ ಉಪ್ಪುನೀರಿನೊಳಗೆ ಕೆಲವೇ ಸೆಂಟಿಮೀಟರ್‌ಗಳಲ್ಲಿ ಸತ್ತುಹೋಗುವುದರಿಂದ ಸೆನ್ಸರ್ ಮಾತ್ರ ನೀರಿನಲ್ಲಿ ಇದ್ದು, ಕೇಬಲ್ ಮೂಲಕ ಮೇಲಿನ ತೇಲುಬುರುಡೆಯ ಪೆಟ್ಟಿಗೆಗೆ ಬರುತ್ತದೆ, ಅಲ್ಲಿಂದ ಅಂಟೆನಾ ಗಾಳಿಯಲ್ಲಿ ಸುದ್ದಿ ಕಳಿಸುತ್ತದೆ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿ ಬೇಡ. ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸುದ್ದಿ ಕಳಿಸುವ ಲೋರಾ ಎಂಬ ರೇಡಿಯೋ ತಂತ್ರ ಅಲ್ಲಿ ಕೆಲಸ ಮಾಡುತ್ತದೆ, ಬಯಲು ನೀರಿನ ಮೇಲೆ ಕೆಲವು ಕಿಲೋಮೀಟರ್ ದೂರ ಸಲೀಸಾಗಿ ಹೋಗುತ್ತದೆ. ವಿದ್ಯುತ್ತಿನ ಲೆಕ್ಕವೂ ಸುಲಭ. ಪ್ರತಿ 15 ನಿಮಿಷಕ್ಕೊಮ್ಮೆ ಒಂದು ನಿಮಿಷ ಎಚ್ಚರಗೊಂಡು 100 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 160 ಮಿಲಿಆಂಪಿಯರ್ ಗಂಟೆ ಆಯಿತು. 10 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಹತ್ತರಲ್ಲಿ ಎಂಟು ಪಾಲು ಬಳಸಿದರೂ 50 ದಿನ ನಡೆಯುತ್ತದೆ. ಸೌರಫಲಕಕ್ಕೆ ಸೂರ್ಯ ಕಾಣದ ನಮ್ಮ ಜುಲೈ ತಿಂಗಳನ್ನು ಇದು ದಾಟಿಸುತ್ತದೆ.

ತೊಡಕು ಬರುವುದು ಎತ್ತರದಲ್ಲಿ. ಒಮ್ಮೆ ನಾವು ಇಳಿಸಿದ್ದ ತೇಲುಬುರುಡೆಯೊಂದು ದಿನಕ್ಕೆರಡು ಬಾರಿ ಮೂಕವಾಗುತ್ತಿತ್ತು, ಆ ಹೊತ್ತು ದಿನದಿನಕ್ಕೂ ಮುಕ್ಕಾಲು ಗಂಟೆ ಮುಂದೆ ಸರಿಯುತ್ತಿತ್ತು. ವಾರಗಟ್ಟಲೆ ರೇಡಿಯೋ ಬಿಚ್ಚಿ ಹುಡುಕಿದೆವು. ಕೊನೆಗೆ ನಮ್ಮ ದೋಣಿ ನಡೆಸುತ್ತಿದ್ದ ಹಿರಿಯರು ಅದು ಮೂಕವಾದ ಹೊತ್ತುಗಳ ಪಟ್ಟಿಯ ಮೇಲೆ ಕಣ್ಣಾಡಿಸಿ, ಇದು ಇಳಿತದ ಹೊತ್ತಲ್ಲವೇ ಎಂದರು. ಇಳಿತದಲ್ಲಿ ಬುರುಡೆ ಒಂದೂವರೆ ಮೀಟರ್ ಕೆಳಗಿಳಿದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಗುಂಪು ಅದಕ್ಕೂ ದಡದ ಅಂಟೆನಾಕ್ಕೂ ನಡುವೆ ಬರುತ್ತಿತ್ತು. ದಡದ ಅಂಟೆನಾವನ್ನು ಮನೆಯ ಮಾಡಿನಿಂದ ತೆಗೆದು ಎತ್ತರದ ಕಂಬಕ್ಕೆ ಏರಿಸಿದ ದಿನವೇ ಸರಿಹೋಯಿತು. ಮೂರು ಕಿಲೋಮೀಟರ್ ದೂರದ ಸಂಪರ್ಕದ ನಡುದಾರಿಯಲ್ಲಿ ರೇಡಿಯೋ ಅಲೆಗೆ ಸುತ್ತಲೂ ಸುಮಾರು 16 ಮೀಟರ್ ತೆರವು ಇದ್ದರೆ ಒಳ್ಳೆಯದು. ನೀರಿನ ಮೇಲೆ ಅಷ್ಟು ಸಿಗುವುದಿಲ್ಲ, ಆದ್ದರಿಂದ ದಡದ ಕಡೆ ಎಷ್ಟು ಎತ್ತರಿಸಲು ಸಾಧ್ಯವೋ ಅಷ್ಟನ್ನೂ ಎತ್ತರಿಸಬೇಕು.

ಉಪ್ಪುನೀರಿನಲ್ಲಿ ಒಂದು ತಿಂಗಳೂ ಬಾಳುವುದಿಲ್ಲ ಎಂದವರ ಮಾತಿನಲ್ಲಿ ಹುರುಳಿದೆ, ಆದರೆ ಹಾಳುಮಾಡುವುದು ಉಪ್ಪು ಎಂಬುದು ತಪ್ಪು. ಒಳ್ಳೆಯ ಪೆಟ್ಟಿಗೆ, ಒಳ್ಳೆಯ ರಬ್ಬರ್ ಉಂಗುರ ಇದ್ದರೆ ಉಪ್ಪನ್ನು ತಡೆಯಬಹುದು. ತಡೆಯಲಾಗದ್ದು ಜೀವ. ನಮ್ಮ ಬೆಚ್ಚಗಿನ ಅಳಿವೆಯಲ್ಲಿ ಏನನ್ನು ಮುಳುಗಿಸಿದರೂ ಮೊದಲ ದಿನವೇ ಲೋಳೆ ಹಿಡಿಯುತ್ತದೆ, ವಾರದೊಳಗೆ ಪಾಚಿ ಬರುತ್ತದೆ, ಎರಡು ವಾರಕ್ಕೆ ದೋಣಿಯ ತಳದಲ್ಲಿ ನೀವು ಕೆರೆಯುವ ಆ ಬಿಳಿಯ ಚೂಪು ಚಿಪ್ಪು, ಬಾರ್ನಕಲ್, ಕೂತುಬಿಡುತ್ತದೆ.

ಕಾಳಿ ಅಳಿವೆಯಲ್ಲಿ ಒಂದು ಡಿಸೆಂಬರ್‌ನಲ್ಲಿ ನಾವು ಇಳಿಸಿದ್ದ ಸೆನ್ಸರ್ ಹತ್ತು ದಿನ ಚೆನ್ನಾಗಿ ನಡೆದು, ಆಮೇಲೆ ಆಮ್ಲಜನಕ ದಿನಕ್ಕಿಷ್ಟು ಇಳಿಯುತ್ತಿದೆ ಎಂದು ತೋರಿಸತೊಡಗಿತು. 19ನೆಯ ದಿನ ಅದು 2.3 ಎಂದಿತು. ದೋಣಿ ತೆಗೆದುಕೊಂಡು ಓಡಿದೆವು. ಸೆನ್ಸರ್ ಪಕ್ಕದಲ್ಲೇ ಬಾಟಲಿಯಲ್ಲಿ ನೀರು ತುಂಬಿಸಿ, ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞ 1888ರಲ್ಲಿ ಹೇಳಿಕೊಟ್ಟ, ಆಮ್ಲಜನಕ ಅಳೆಯುವ ಹಳೆಯ ಪರೀಕ್ಷೆ ಮಾಡಿದೆ: ಮ್ಯಾಂಗನೀಸ್ ದ್ರಾವಣ, ಆಮೇಲೆ ಕ್ಷಾರದ ಅಯೊಡೈಡ್ ಹಾಕಿ ಬಾಟಲಿ ಅಲುಗಿಸಿದರೆ ಆಮ್ಲಜನಕವಿರುವ ನೀರಿನಲ್ಲಿ ಕಂದು ಹಿಂಜಿದ ಹತ್ತಿಯಂಥದು ಇಳಿಯುತ್ತದೆ, ಇಲ್ಲದ ನೀರಿನಲ್ಲಿ ಬಿಳಿ. ಇಳಿದದ್ದು ದಟ್ಟ ಕಂದು. ಆಮ್ಲ ಹಾಕಿದಾಗ ಜೇನಿನ ಬಣ್ಣ ಬಂತು, ಥಯೋಸಲ್ಫೇಟ್ ಹನಿಹನಿಯಾಗಿ ಬಿಟ್ಟು ಗಂಜಿಯ ನೀಲಿ ಮಾಯವಾಗುವವರೆಗೆ ಎಣಿಸಿದಾಗ ಲೆಕ್ಕ 5.7ಕ್ಕೆ ನಿಂತಿತು. ಸೆನ್ಸರನ್ನು ಮೇಲೆತ್ತಿದರೆ ಅದರ ಗಾಜಿನ ಕಣ್ಣಿನ ಮೇಲೆ ಕಡಲೆಕಾಳಿನ ಗಾತ್ರದ ಮೂರು ಬಾರ್ನಕಲ್‌ಗಳು, ಅವುಗಳ ಸಂದಿಯಲ್ಲಿ ಕೆಸರು. ಅದು ಅಳಿವೆಯ ಆಮ್ಲಜನಕವನ್ನು ಅಳೆಯದೆ, ಆ ಚಿಪ್ಪುಗಳ ನಡುವಿನ ಒಂದು ಚಮಚ ನೀರಿನ ಆಮ್ಲಜನಕವನ್ನು ಅಳೆಯುತ್ತಿತ್ತು. ಅಂದು ಕೈಯಲ್ಲಿ ಬಾಟಲಿ ಇಲ್ಲದಿದ್ದರೆ ಹತ್ತಿರದ ಪಂಜರದವರಿಗೆ ಮೀನು ಹಿಡಿದುಬಿಡಿ ಎಂದು ಹೇಳಿಬಿಡುತ್ತಿದ್ದೆ. ಅವರ ವರ್ಷದ ದುಡಿಮೆ ಅರ್ಧ ಬೆಲೆಗೆ ಹೋಗುತ್ತಿತ್ತು.

ಚಿಪ್ಪಿನ ಬದಲು ಹಸಿರು ಪಾಚಿ ಕೂತರೆ ಸುಳ್ಳು ಇನ್ನೊಂದು ಬಗೆಯದು: ಹಗಲು ಏರಿಕೆ, ರಾತ್ರಿ ಇಳಿಕೆ ಎರಡೂ ವಿಪರೀತವಾಗುತ್ತವೆ. ಉಪ್ಪಿನ ಸೆನ್ಸರಿನ ಕೊಳವೆಯಲ್ಲಿ ಜೀವ ಬೆಳೆದರೆ ಉಪ್ಪು ಮೆಲ್ಲಗೆ ಇಳಿಯುತ್ತಿದೆ ಎಂದು ತೋರುತ್ತದೆ. ನಿಜವಾದ ನೀರು ಉಬ್ಬರ ಇಳಿತದೊಂದಿಗೆ ಏರಿಳಿಯುತ್ತದೆ. ಹಾಗೆ ಏರಿಳಿಯದೆ ಒಂದೇ ದಿಕ್ಕಿಗೆ ದಿನದಿನವೂ ಜಾರುವ ಗೆರೆ ಕಂಡರೆ ಮೊದಲು ಬ್ರಷ್ ಕೈಗೆತ್ತಿಕೊಳ್ಳಿ. ಕಣ್ಣನ್ನು ಒರೆಸುವ ಪುಟ್ಟ ವೈಪರ್, ಸುತ್ತಲಿನ ತಾಮ್ರದ ಜಾಲರಿ ಇವೆರಡೂ ತೊಳೆಯುವ ಅಂತರವನ್ನು ಹಿಗ್ಗಿಸುತ್ತವೆ, ತೊಳೆಯುವುದನ್ನು ತಪ್ಪಿಸುವುದಿಲ್ಲ. ನಮ್ಮ ನೀರಿನಲ್ಲಿ ವಾರಕ್ಕೊಮ್ಮೆ ಕೈ ಹಾಕಲೇಬೇಕು. ನಾನು ಕಂಡಂತೆ ಕರಾವಳಿಯಲ್ಲಿ ನಿಂತುಹೋದ ಸೆನ್ಸರ್ ಜಾಲಗಳಲ್ಲಿ ಹೆಚ್ಚಿನವು ತಂತ್ರಜ್ಞಾನ ಸೋತು ನಿಂತಿಲ್ಲ. ಮೂರನೆಯ ತಿಂಗಳಿನಿಂದ ತೊಳೆಯುವವರು ಯಾರು ಎಂದು ಯಾರೂ ಬರೆದಿಟ್ಟಿರಲಿಲ್ಲ.

ತೊಳೆದಾಗಲೆಲ್ಲ ಒಂದು ತಾಳೆ ನೋಡಬೇಕು. ಆಮ್ಲಜನಕದ ಸೆನ್ಸರನ್ನು ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ ಹತ್ತು ನಿಮಿಷ ಗಾಳಿಯಲ್ಲಿಟ್ಟರೆ 100 ಪ್ರತಿಶತದ ಹತ್ತಿರ ತೋರಿಸಬೇಕು. ಇದಕ್ಕೆ ಖರ್ಚಿಲ್ಲ. ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ: ಆಮ್ಲಜನಕವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳಲು ಸೆನ್ಸರಿಗೆ ನೀರಿನ ಉಪ್ಪು ಎಷ್ಟೆಂದು ಗೊತ್ತಿರಬೇಕು. ಉಪ್ಪನ್ನು ಸೊನ್ನೆ ಎಂದು ಬಿಟ್ಟು ಕಡಲ ನೀರಿನಲ್ಲಿ ಮುಳುಗಿಸಿದರೆ ಇರುವುದಕ್ಕಿಂತ ಸುಮಾರು ಐದನೇ ಒಂದು ಪಾಲು ಹೆಚ್ಚು ತೋರಿಸುತ್ತದೆ, ಅಂದರೆ ಅಪಾಯದ ಹೊತ್ತಿನಲ್ಲಿ ಧೈರ್ಯ ಹೇಳುತ್ತದೆ. ನಿಮ್ಮ ಅಳಿವೆಯಲ್ಲಿ ಉಪ್ಪು ಕಡಲಿನಷ್ಟರಿಂದ ಸೊನ್ನೆಯವರೆಗೆ ಆಡುವುದರಿಂದ, ಆಮ್ಲಜನಕದ ಜೊತೆಗೆ ಉಪ್ಪಿನ ಸೆನ್ಸರ್ ಇಲ್ಲದ ಘಟಕವನ್ನು ಕೊಳ್ಳಬೇಡಿ. ಪಿಎಚ್ ಸೆನ್ಸರನ್ನು ಬಿಟ್ಟರೂ ನಡೆಯುತ್ತದೆ.

ಹಾಗಾದರೆ ಎಷ್ಟು ಹಾಕಬೇಕು? 9 ಲಕ್ಷದ 8 ಘಟಕಗಳನ್ನು ಸಾಲ ಮಾಡಿ ಹಾಕುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವಾರಕ್ಕೊಮ್ಮೆ 8 ಕಡೆ ದೋಣಿ ಒಯ್ದು ತೊಳೆಯುವ ಕೆಲಸವನ್ನು ನಿಮ್ಮ 9 ಮನೆಗಳು ಮೊದಲ ತಿಂಗಳು ಮಾಡುತ್ತವೆ, ಮೂರನೆಯ ತಿಂಗಳು ಮಾಡುವುದಿಲ್ಲ. ಆಗ 8 ಘಟಕಗಳಲ್ಲಿ ನಿಜ ಹೇಳುವುದು ಯಾವುದು ಎಂಬುದೇ ತಿಳಿಯದಾಗುತ್ತದೆ. ದೊಡ್ಡ ಸಂಸ್ಥೆಗಳ ಮಾತು ಬೇರೆ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಕೊಚ್ಚಿ ಮತ್ತು ವಿಶಾಖಪಟ್ಟಣದ ಕಡಲಿನಲ್ಲಿ ನೀರಿನ ಗುಣಮಟ್ಟ ಹೇಳುವ ತೇಲುಬುರುಡೆಗಳನ್ನು ಇಳಿಸಿದೆ, ಅದಕ್ಕೆ ಹಡಗು, ಸಿಬ್ಬಂದಿ, ಪ್ರಯೋಗಾಲಯ ಎಲ್ಲವೂ ಬೆನ್ನಿಗಿವೆ.

ನಿಮಗೆ ಮೂರು ಘಟಕ ಸಾಕು. ಒಂದು, ಅತಿ ಹೆಚ್ಚು ಮೀನಿರುವ ಪಂಜರದ ಒಳಗೆ, ಮೀನು ನಿಲ್ಲುವ ನಡು ಆಳದಲ್ಲಿ. ಎರಡನೆಯದು ಅದೇ ಸಾಲಿನ ಹೊರಗೆ, ತಳದಿಂದ ಅರ್ಧ ಮೀಟರ್ ಮೇಲೆ; ಕಡಲಿನ ಕಡೆಯಿಂದ ನುಸುಳುವ ನೀರು ಮೊದಲು ತಿಳಿಯುವುದು ಇಲ್ಲಿ, ಒಳಗಿನ ಆಮ್ಲಜನಕ ಹೊರಗಿನದಕ್ಕಿಂತ ಕಡಿಮೆಯಾದರೆ ಬಲೆ ಕಟ್ಟಿಕೊಂಡಿದೆ ಎಂಬುದೂ ತಿಳಿಯುತ್ತದೆ. ಮೂರನೆಯದು ಹೊಳೆಯ ಮೇಲ್ಗಡೆ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ. ಇಳಿತದ ಸೆಳೆತ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೆ ನೀರು ಗಂಟೆಗೆ 1.8 ಕಿಲೋಮೀಟರ್ ಬರುತ್ತದೆ, ಅಂದರೆ ಸುಮಾರು ಒಂದು ಗಂಟೆಯ ಮುನ್ಸೂಚನೆ ಸಿಕ್ಕಿತು. ದುಡ್ಡು ಸಾಲದಿದ್ದರೆ ಮೂರನೆಯದನ್ನು ಮುಂದಿನ ವರ್ಷಕ್ಕೆ ಬಿಡಿ, ಮೊದಲಿನ ಎರಡನ್ನು ಬಿಡಬೇಡಿ.

ಅಣ್ಣನ ಮಗನ ಮಾತನ್ನು ತಳ್ಳಿಹಾಕಬೇಡಿ. ರೇಡಿಯೋ, ಬ್ಯಾಟರಿ, ಪೆಟ್ಟಿಗೆ, ಮೊಬೈಲಿಗೆ ಸಂದೇಶ ಇವೆಲ್ಲವನ್ನೂ ಅವನು ಮಾಡಬಲ್ಲ, ಅದಕ್ಕೆ ತಗಲುವುದು ಸಾವಿರಗಳ ಲೆಕ್ಕ. ಆದರೆ ಬಾಳಿಕೆ ಬರುವ, ಬೆಳಕಿನಿಂದ ಅಳೆಯುವ ಆಪ್ಟಿಕಲ್ ಆಮ್ಲಜನಕ ಸೆನ್ಸರಿನ ಬೆಲೆ ಒಂದೊಂದಕ್ಕೂ ಹತ್ತಾರು ಸಾವಿರ. 40 ಸಾವಿರದ ಲೆಕ್ಕದಲ್ಲಿ ಅವನು ಹಾಕಿರುವುದು ಬಹುಶಃ ಪ್ರಯೋಗದ ಮೇಜಿಗೆಂದು ಮಾಡಿದ ಅಗ್ಗದ ಸೆನ್ಸರ್, ಅದರ ತೆಳುಪೊರೆ ಅಳಿವೆಯಲ್ಲಿ ಕೆಲವೇ ವಾರಗಳಲ್ಲಿ ಹರಿದುಹೋಗುತ್ತದೆ. ಮಿಕ್ಕದ್ದರಲ್ಲಿ ಉಳಿಸಿ, ನೀರಿಗೆ ತಾಗುವ ಭಾಗದಲ್ಲಿ ಉಳಿಸಬೇಡಿ. ಅವನು ಓದು ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಇದನ್ನು ಬಿಚ್ಚಿ ಜೋಡಿಸುವವರು ಯಾರು ಎಂಬುದನ್ನು ಈಗಲೇ ಕೇಳಿ, ಊರಿನ ಇನ್ನಿಬ್ಬರಿಗೆ ಕೈಹಿಡಿದು ಕಲಿಸಲು ಹೇಳಿ. ಕಂಪನಿಯಿಂದಲೇ ಕೊಳ್ಳುವುದಾದರೆ, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ, ವರ್ಷದ ಚಂದಾ ನಿಲ್ಲಿಸಿದರೆ ನಿಮ್ಮ ಹಳೆಯ ದಾಖಲೆ ನಿಮ್ಮ ಕೈಯಲ್ಲಿ ಉಳಿಯುತ್ತದೆಯೇ ಎಂಬೆರಡನ್ನು ಬರಹದಲ್ಲಿ ಪಡೆಯಿರಿ. ನೀರಿನಲ್ಲಿ ಇಳಿಸುವ ಮುನ್ನ ಮೀನುಗಾರಿಕೆ ಇಲಾಖೆಗೆ ತಿಳಿಸಿ, ರಾತ್ರಿ ಕಾಣುವ ದೀಪ ಮತ್ತು ಸಂಘದ ಹೆಸರು ಬುರುಡೆಯ ಮೇಲಿರಲಿ. ಪಾತಿದೋಣಿಯ ಬಲೆಗೆ ಸಿಕ್ಕಿ ಹೋದ ಘಟಕಗಳನ್ನು ನಾನು ಹಲವು ಕಂಡಿದ್ದೇನೆ.

ನಿಸ್ತಂತು ಜಾಲದ ಪ್ರಯೋಜನವೆಲ್ಲ ಸುದ್ದಿ ಹೊತ್ತಿಗೆ ಸರಿಯಾಗಿ ಬರುವುದರಲ್ಲಿದೆ. ರಾತ್ರಿ ಮೂರು ಗಂಟೆಗೆ ಮೊಬೈಲ್ ಕೂಗಿದಾಗ ಮಾಡಲು ನಿಮ್ಮ ಬಳಿ ಏನೂ ಇಲ್ಲದಿದ್ದರೆ, ಮೀನು ಸಾಯುವುದನ್ನು ಎರಡು ಗಂಟೆ ಮೊದಲೇ ತಿಳಿದಂತಾಯಿತು ಅಷ್ಟೆ. ಆದ್ದರಿಂದ ಸೆನ್ಸರಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಗಾಳಿಯೂದುವ ಪಂಪು, ಗುಳ್ಳೆ ಬಿಡುವ ಕೊಳವೆ, ಅದಕ್ಕೆ ಜನರೇಟರ್ ಇವುಗಳಿಗೆ ತೆಗೆದಿಡಿ. ಸತತ ಎರಡು ಅಳತೆಗಳಲ್ಲಿ ಆಮ್ಲಜನಕ 4ಕ್ಕಿಂತ ಕೆಳಗಿಳಿದರೆ ಮೂರು ಮನೆಗೆ ಒಟ್ಟಿಗೆ ಕರೆ ಹೋಗಲಿ. ಒಂದು ಗಂಟೆ ಸುದ್ದಿಯೇ ಬರದಿದ್ದರೂ ಹಾಗೆಯೇ ಕರೆ ಹೋಗಲಿ, ಏಕೆಂದರೆ ಕೆಟ್ಟ ರಾತ್ರಿಗಳಲ್ಲೇ ಯಂತ್ರವೂ ಕೆಡುತ್ತದೆ. ಹಿಂದಿನ ಸಂಜೆ ಗೆರೆ ಇಳಿಮುಖವಾಗಿದ್ದರೆ ಮೇವು ನಿಲ್ಲಿಸಿ. ಹೊಟ್ಟೆ ತುಂಬಿದ ಮೀನು ಜೀರ್ಣಿಸಿಕೊಳ್ಳಲೆಂದೇ ಹೆಚ್ಚು ಆಮ್ಲಜನಕ ಬಳಸುತ್ತದೆ.

ಮತ್ತೆ ಹೀಗಾಗುವುದು ತಪ್ಪೀತೇ ಎಂದು ಕೇಳಿದ್ದೀರಿ. ಸೆನ್ಸರ್ ಒಂದರಿಂದಲೇ ತಪ್ಪುವುದಿಲ್ಲ. ದೊಡ್ಡ ಮೀನಿನಲ್ಲಿ ಅರ್ಧವನ್ನಾದರೂ ಮೇ ಮುಗಿಯುವುದರೊಳಗೆ ಮಾರಿ ಪಂಜರ ಸಡಿಲ ಮಾಡುವುದು, ಮಳೆಯ ಮುನ್ನ ಬಲೆ ಬದಲಾಯಿಸುವುದು ಇವೆರಡೂ ಯಾವ ಉಪಕರಣಕ್ಕಿಂತ ಹೆಚ್ಚು ಮೀನು ಉಳಿಸುತ್ತವೆ. ಟ್ರಾಲ್ ಬೋಟುಗಳ ನಿಷೇಧದ ಕಾಲದ ದರ ದೊಡ್ಡದು, ನನಗೂ ಗೊತ್ತು. ಆದರೆ ಆ ದರ ಸಿಗುವುದು ಜೀವಂತ ಉಳಿದ ಮೀನಿಗೆ.

ಈ ವರ್ಷ ಸಾಲಕ್ಕೆ ಕೈಹಾಕುವ ಮೊದಲು, ಕೈಯಲ್ಲಿ ಹಿಡಿಯುವ ಒಂದು ಆಮ್ಲಜನಕ ಮೀಟರನ್ನು ಸಂಘದಿಂದ ಕೊಂಡು, ದಿನಾ ನಸುಕಿನಲ್ಲಿ ಒಬ್ಬರು ಪಂಜರದ ಒಳಗೆ, ಹೊರಗೆ, ತಳದಲ್ಲಿ ಅಳೆದು ಪುಸ್ತಕದಲ್ಲಿ ಬರೆಯಲಿ. ಮುಂದೆ ಜಾಲ ಹಾಕಿದರೂ ಅದನ್ನು ತಾಳೆ ನೋಡಲು ಇದೇ ಮೀಟರ್ ಬೇಕು. ಮೀಟರನ್ನು ವಿಂಕ್ಲರ್ ಪರೀಕ್ಷೆಯೊಂದಿಗೆ ಒಮ್ಮೆ ಹೋಲಿಸಲು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವನ್ನು ಅಥವಾ ಕಾರವಾರದಲ್ಲೇ ಇರುವ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರವನ್ನು ಕೇಳಿ. ಮತ್ತೆ ಮೀನು ಸತ್ತು, ಏಡಿ ಸಿಗಡಿಗಳೂ ಸತ್ತು, ಮೀಟರ್ 5 ತೋರಿಸುತ್ತಿದ್ದರೆ ಆಗ ವಿಷದ ಅನುಮಾನಕ್ಕೆ ಆಧಾರ ಸಿಕ್ಕಿತು. ಆ ಗಂಟೆಯೊಳಗೆ ಒಂದು ಲೀಟರ್ ನೀರನ್ನು ಶುಚಿಯಾದ ಗಾಜಿನ ಬಾಟಲಿಯಲ್ಲಿ ತುಂಬಿ, ಸಾಯುತ್ತಿರುವ ಮೀನಿನೊಂದಿಗೆ ಮಂಜುಗಡ್ಡೆಯಲ್ಲಿಟ್ಟು ಪರೀಕ್ಷೆಗೆ ಕಳಿಸಿ. ಮತ್ತು ಗೋಡೆಯ ಪಂಚಾಂಗದಲ್ಲಿ ಜೂನ್, ಜುಲೈ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಎರಡೂ ಅಷ್ಟಮಿಗಳಿಗೆ ಕೆಂಪು ಗುರುತು ಹಾಕಿ, ಆ ರಾತ್ರಿಗಳ ಕಾವಲು ಯಾವ ಮನೆಯದೆಂದು ಪಕ್ಕದಲ್ಲೇ ಹೆಸರು ಬರೆದಿಡಿ.